ನೆಲ ಸಿಗದ ಒಂಬತ್ತು ದಿನ

ತಂಗಿ ಹೋದ ಸುದ್ದಿ ಬಂದಾಗ ನಾನು ಸಂಜೆಯ ಪ್ರಾರ್ಥನೆಗೆ ಕುಳಿತಿದ್ದೆ. ಫೋನು ಎರಡು ಸಲ ಬಡಿದುಕೊಂಡು ಸುಮ್ಮನಾಯಿತು. ಮೂರನೆಯ ಸಲಕ್ಕೆ ಎದ್ದೆ. ಅತ್ತ ಕಡೆ ಅವಳ ಜೊತೆ ಕೆಲಸ ಮಾಡುವ ಹೆಂಗಸು. ಮಾತಿನ ಖಾರಕ್ಕೆ ತಂಗಿ ಅವಳಿಗೆ ಮೆಣಸಿನಕಾಯಿ ಎಂದು ಹೆಸರಿಟ್ಟಿದ್ದಳು. ಆ ದಿನ ಅವಳ ಮಾತಿನಲ್ಲಿ ಖಾರವಿರಲಿಲ್ಲ. ತಂಗಿ ಮೇಜಿನ ಮೇಲೆ ತಲೆಯಿಟ್ಟಿದ್ದಳಂತೆ. ಕಣ್ಣು ಮುಚ್ಚಿ ಯೋಚಿಸುವುದು ಅವಳ ಅಭ್ಯಾಸ; ಹಾಗಾಗಿ ಅರ್ಧ ಗಂಟೆ ಯಾರೂ ಮುಟ್ಟಲಿಲ್ಲವಂತೆ.

ಅಂದಿನಿಂದ ಒಂದು ಕಡೆ ಕೂರುವುದು ನನ್ನಿಂದ ಆಗಲಿಲ್ಲ. ಕೋಣೆಯಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಕೋಣೆಗೆ. ದೇವರ ಮುಂದೆ ಕೂತರೂ ಅರ್ಧಕ್ಕೇ ಏಳುತ್ತಿದ್ದೆ. ಹೋದವಳು ನೆಮ್ಮದಿಯಾಗಿ ತಲುಪಿದಳೋ ಇಲ್ಲವೋ ಎಂಬುದೊಂದೇ ಚಿಂತೆ.

ಒಂಬತ್ತನೆಯ ದಿನ ಅವಳ ಮಗಳಾದ ನನ್ನ ಸೋದರಸೊಸೆಯ ಜೊತೆ ಕಚೇರಿಗೆ ಹೋದೆ. ತರಬೇಕಾದದ್ದು ಹೆಚ್ಚೇನಿರಲಿಲ್ಲ: ಕನ್ನಡಕದ ಡಬ್ಬಿ, ಒಂದು ಶಾಲು, ಹಿಡಿ ಮುರಿದ ಕಪ್ಪು.

ತಂಗಿಯ ಕೆಲಸ ಹೇಳಬೇಕು. ಕಂಪ್ಯೂಟರ್ ಪರದೆಯೊಳಗೆ ಆಟದ ಲೋಕಗಳನ್ನು ಕಟ್ಟುವವರು ಆ ಕಚೇರಿಯವರು. ಅಲ್ಲಿ ಕಲ್ಲು ತಾನಾಗಿ ಬೀಳುವುದಿಲ್ಲ, ನೀರು ತಾನಾಗಿ ಹರಿಯುವುದಿಲ್ಲ. ಯಾರಾದರೂ ಕೂತು ಆ ನಿಯಮ ಬರೆಯಬೇಕು. ಬರೆಯುತ್ತಿದ್ದವಳು ಅವಳು. ನಾನು ನಲವತ್ತು ವರ್ಷ ಲಿಫ್ಟ್ ರಿಪೇರಿ ಮಾಡಿದವನು. “ಇದೆಲ್ಲ ದೇವರ ಕೆಲಸ ಕಣೆ, ನಿನಗ್ಯಾಕೆ?” ಎಂದು ರೇಗಿಸಿದರೆ, “ಅವನು ಬರೆದಿದ್ದನ್ನ ನೋಡ್ಕೊಂಡು ಕಾಪಿ ಹೊಡೀತೀನಿ ಅಷ್ಟೇ ಅಣ್ಣಾ, ಅವನೇನೂ ಬೈಯಲ್ಲ” ಎನ್ನುತ್ತಿದ್ದಳು.

ಮೆಣಸಿನಕಾಯಿ ಮೇಜಿನ ಬಳಿ ನಮ್ಮನ್ನು ತಡೆದು ನಿಲ್ಲಿಸಿದಳು. “ಅಣ್ಣಾ, ಈ ಕಂಪ್ಯೂಟರನ್ನ ಅವತ್ತಿಂದ ಯಾರೂ ಆರಿಸಿಲ್ಲ. ಕೈ ಬರಲಿಲ್ಲ. ಇವತ್ತು ಸಂಜೆ ಎಲ್ಲ ಅಳಿಸಿ ಬೇರೆಯವರಿಗೆ ಕೊಡ್ತಾರೆ. ಒಂದ್ಸಲ ನೋಡ್ಕೊಂಡು ಬಿಡಿ.”

ಪರದೆ ಬರೀ ಬೂದು ಬಣ್ಣ. ನಡುವೆ ನನ್ನ ತಂಗಿ! ಅದೇ ನರೆತ ಜಡೆ, ಅದೇ ನೀಲಿ ಸ್ವೆಟರು. ಪರೀಕ್ಷೆಗೆಂದು ತನ್ನದೇ ಹೋಲಿಕೆಯ ಬೊಂಬೆ ಮಾಡಿಕೊಂಡಿದ್ದಳಂತೆ. ಅದರ ಕೈಬೆರಳುಗಳು ಚಳಿ ಹಿಡಿದವರಂತೆ ನಡುಗುತ್ತಿದ್ದವು.

“ಯಾಕಮ್ಮ ಹೀಗೆ ನಿಂತಿದಾಳೆ?”

“ನಿಂತಿಲ್ಲ ಅಣ್ಣಾ, ಬೀಳ್ತಿದಾರೆ. ಸುತ್ತ ಏನೂ ಇಲ್ವಲ್ಲ, ಅದಕ್ಕೇ ಗೊತ್ತಾಗಲ್ಲ. ಎಷ್ಟು ಕೆಳಗೆ ಹೋದ್ರು ಅಂತ ಮೂಲೇಲಿರೋ ಅಂಕಿ ನೋಡಿ.”

ಅಂಕಿ ಓಡುತ್ತಿತ್ತು. ಬೀಳುವ ವೇಗ ಹೇಗೆ ಏರುತ್ತದೆಂದು ನೋಡಲು ತಂಗಿ ಅಂದು ನೆಲವನ್ನು ತೆಗೆದಿದ್ದಳು. ತೀರಾ ಕೆಳಗೆ ಹೋದದ್ದನ್ನು ತಾನಾಗಿ ಅಳಿಸುವ ನಿಯಮವನ್ನೂ ನಿಲ್ಲಿಸಿದ್ದಳು. ತಡೆಯಲು ಗಾಳಿಯನ್ನು ಇನ್ನೂ ಬರೆದಿರಲಿಲ್ಲ. ಅಷ್ಟರಲ್ಲಿ ತಲೆ ಮೇಜಿಗೆ ಒರಗಿತ್ತು.

“ನಡುಕ ಯಾಕೆ?”

“ಕಂಪ್ಯೂಟರಲ್ಲಿ ಒಂದು ಸಂಖ್ಯೆ ಬರೆಯೋಕೆ ಇರೋದು ಇಷ್ಟೇ ಜಾಗ. ಅಷ್ಟು ದೂರ ಹೋದ್ರೆ ಎಲ್ಲ ಜಾಗಾನೂ ದೂರಾನೇ ನುಂಗತ್ತೆ, ಸಣ್ಣ ಲೆಕ್ಕಕ್ಕೆ ಉಳಿಯಲ್ಲ. ಬೆರಳು ಎಲ್ಲಿರ್ಬೇಕು ಅಂತ ಗೊತ್ತಾಗದೆ ಅಲ್ಲಿಂದಿಲ್ಲಿಗೆ ಜಿಗಿಯತ್ತೆ. ಅಳಿಸಿಬಿಡ್ಲಾ?”

“ಬೇಡ. ಮೊದಲು ನೆಲಕ್ಕೆ ತನ್ನಿ.”

ಸೊಸೆ ನನ್ನ ತೋಳು ಹಿಡಿದಳು. “ಮಾವಾ, ಅದು ಅಮ್ಮ ಅಲ್ಲ, ಬೊಂಬೆ. ಬೊಂಬೆಗೆ ಮೋಕ್ಷ ಕೊಡಿಸೋಕೆ ಬಂದ್ಯಾ?”

“ಗೊತ್ತು ಕಣೆ. ಲಿಫ್ಟ್ ಖಾಲಿ ಇದ್ರೂ ಬೀಳೋಕೆ ಬಿಡಲ್ಲ ನಾವು.”

ಮೆಣಸಿನಕಾಯಿ ಕೂತು ಏನೋ ಬರೆದಳು. ಹಸಿರು ಹುಲ್ಲಿನ ನೆಲ ಬಂತು. ಬೊಂಬೆಯನ್ನು ಮೇಲಕ್ಕೆ ತಂದು ಅದರ ಮೇಲಿಟ್ಟಳು; ಅದು ಮಿಂಚಿದಂತೆ ಕಂಡು ಮಾಯವಾಯಿತು. ಅಂಕಿ ಮತ್ತೆ ಓಡತೊಡಗಿತು. ನೆಲವನ್ನು ಇನ್ನಷ್ಟು ದಪ್ಪ ಮಾಡಿದಳು. ಮತ್ತೆ ಅದೇ ಕಥೆ. ನಾನು ಕುರ್ಚಿಯ ಹಿಂದೆ ಅತ್ತಿಂದಿತ್ತ ಓಡಾಡಿದೆ.

“ಅಣ್ಣಾ, ನೀವು ಹೀಗೆ ಶತಪಥ ಹಾಕಿದ್ರೆ ನನ್ನ ತಲೆ ಓಡಲ್ಲ!”

“ನೆಲದಲ್ಲಿ ತೂತಿದೆಯಾ?”

“ತೂತಿಲ್ಲ. ಈ ಲೋಕ ಕ್ಷಣಕ್ಕೊಮ್ಮೆ ಕಣ್ಣು ಬಿಟ್ಟು ನೋಡತ್ತೆ. ಒಂದ್ಸಲ ನೋಡಿದಾಗ ಇವರು ನೆಲದ ಮೇಲೆ. ಮುಂದಿನ ಸಲ ನೋಡೋಷ್ಟರಲ್ಲಿ ನೆಲದ ಎಷ್ಟೋ ಕೆಳಗೆ. ನಡುವೆ ನೆಲ ಇತ್ತು ಅನ್ನೋದೇ ಅದಕ್ಕೆ ಗೊತ್ತಾಗಲ್ಲ.”

ನಾನು ನಿಂತೆ. “ಅಲ್ಲಮ್ಮ, ಮೇಲಕ್ಕೆ ತಂದಿರಿ ಸರಿ. ಒಂಬತ್ತು ದಿನ ಬಿದ್ದ ವೇಗ?”

ಅವಳು ಹಣೆ ಚಚ್ಚಿಕೊಂಡಳು. “ಅಯ್ಯೋ ನನ್ನ ಬುದ್ಧಿಗೆ! ಜಾಗ ಬದಲಾಯಿಸಿದೆ, ವೇಗ ಹಾಗೇ ಬಿಟ್ಟೆ. ಇದೇ ತಪ್ಪಿಗೆ ಅಕ್ಕ ನನ್ನನ್ನ ಎಷ್ಟು ಸಲ ಬೈದಿದಾರೋ!”

“ಬ್ರೇಕ್ ಹಾಕದೆ ಮಹಡಿ ತೋರಿಸಿದ್ರೆ ಲಿಫ್ಟ್ ನಿಲ್ಲತ್ತಾ?”

ವೇಗದ ಜಾಗದಲ್ಲಿ ಸೊನ್ನೆ ಬರೆದಳು. ಬೊಂಬೆ ಹುಲ್ಲಿನ ಮೇಲೆ ಬಂದು ನಿಂತಿತು. ಅಂಕಿ ನಿಂತಿತು. ಬೆರಳುಗಳು ನಿಂತವು.

ಮೂವರೂ ಪರದೆಯತ್ತ ಬಗ್ಗಿದೆವು. ಆಮೇಲೆ ಸೊಸೆಯೇ ಮೆಲ್ಲಗೆ ಹೇಳಿದಳು: “ಆಂಟಿ, ಕೂರಿಸೋಕೆ ಆಗತ್ತಾ? ಅಮ್ಮಂಗೆ ಮಂಡಿನೋವು. ತುಂಬ ಹೊತ್ತು ನಿಲ್ಲೋಕಾಗಲ್ಲ.”

ಅವಳು ಕೂರಿಸಿದಳು. ತಂಗಿ ಕಾಲು ಚಾಚಿ ಹುಲ್ಲಿನ ಮೇಲೆ ಕೂತಳು. ಬೊಂಬೆ ಎನ್ನಲು ನನಗೆ ಬಾಯಿ ಬರಲಿಲ್ಲ. ಸ್ವಲ್ಪ ಹೊತ್ತು ನೋಡಿದೆವು.

“ಈಗ ಆರಿಸಿ ತಾಯಿ,” ಎಂದೆ.

ಪರದೆ ಕಪ್ಪಾಯಿತು. ಸೊಸೆ ಮುಖಕ್ಕೆ ಶಾಲು ಒತ್ತಿಕೊಂಡಳು. ನನ್ನ ಒಳಗಿನ ಕಳವಳ ಪೂರ್ತಿ ಹೋಯಿತೆಂದು ಹೇಳಲಾರೆ. ಆದರೆ ಆ ಕುರ್ಚಿಯಲ್ಲಿ, ಅವಳು ಕೂರುತ್ತಿದ್ದ ಕುರ್ಚಿಯಲ್ಲೇ, ನಾನು ಕೂತೆ. ಒಂಬತ್ತು ದಿನದಲ್ಲಿ ಮೊದಲ ಸಲ ಪ್ರಾರ್ಥನೆಯನ್ನು ಕೊನೆಯವರೆಗೆ ಹೇಳಿದೆ.

ದೇವರೇ, ನನ್ನ ತಂಗಿ ಬಹಳ ದುಡಿದಿದ್ದಾಳೆ. ತಿಳಿದೋ ತಿಳಿಯದೆಯೋ ತಪ್ಪು ಮಾಡಿದ್ದರೆ ಮನ್ನಿಸು. ಅವಳು ಎಲ್ಲಿದ್ದರೂ ನಿನ್ನ ಅಂಗೈ ಅವಳ ಕೆಳಗಿರಲಿ. ಅವಳಿಗೆ ಶಾಂತಿ ಕೊಡು.