ಕಳೆದುಹೋಗುವ ಕೆಲಸ

ಮಲ್ಲಿಕಾಳಿಗೆ ಸಿಕ್ಕಿದ್ದು ವಿಚಿತ್ರ ಕೆಲಸ. ಭಾನುವಾರ ಬೆಳಿಗ್ಗೆ ಕಡಹಿನಬೈಲಿನ ಗದ್ದೆ ದಾಟಿ ಕಾಡಿನೊಳಗೆ ಹೋಗಿ ಎಲ್ಲಾದರೂ ಅಡಗಿ ಕೂರಬೇಕು. ನಾಯಿ ಬಂದು ಹುಡುಕುವವರೆಗೆ ಏಳಬಾರದು.

ಕೆಲಸ ಕೊಟ್ಟವರು ಷಡಕ್ಷರಿ. ಪೊಲೀಸ್ ಶ್ವಾನದಳದಲ್ಲಿ ಇಪ್ಪತ್ತೆಂಟು ವರ್ಷ ದುಡಿದು, ಎರಡು ಸಾವಿರದ ನಾಲ್ಕರಲ್ಲಿ ನಿವೃತ್ತರಾಗಿ ಊರಿಗೆ ಬಂದವರು. ರಸ್ತೆ ಬದಿ ಸಿಕ್ಕ ಕೆಂಚು ಮರಿಯೊಂದಕ್ಕೆ ಕೆಂಪಿ ಎಂದು ಹೆಸರಿಟ್ಟು, ವಾಸನೆ ಹಿಡಿಯುವ ಪಾಠ ಶುರುಮಾಡಿದ್ದರು. ಕಂತ್ರಿ ನಾಯಿಗೂ ಟ್ರೈನಿಂಗಂತೆ ಎಂದು ಊರವರು ನಕ್ಕಿದ್ದರು.

ಮೊದಮೊದಲು ಕೊಯ್ಲಾದ ಗದ್ದೆಯಲ್ಲಿ ಮಲ್ಲಿಕಾ ಒತ್ತಿ ಒತ್ತಿ ಹೆಜ್ಜೆ ಇಡುತ್ತಿದ್ದಳು. ಒಂದೊಂದು ಹೆಜ್ಜೆಗೂ ಬೇಯಿಸಿದ ಕೋಳಿ ಲಿವರಿನ ಒಂದು ಚೂರು. ಆಮೇಲೆ ಐದು ಹೆಜ್ಜೆಗೊಂದು. ಆಮೇಲೆ ಕೊನೆಯಲ್ಲಿ ಮಾತ್ರ, ಅದೂ ಅವಳ ಕೈಯಿಂದಲೇ. ಬರುಬರುತ್ತಾ ಅವಳು ಹೋಗಿ ಒಂದು ಗಂಟೆಯಾದ ಮೇಲೆ, ಅವಳ ಬಟ್ಟೆಯೊಂದನ್ನು ಮೂಸಿಸಿ ಕೆಂಪಿಯನ್ನು ಬಿಡತೊಡಗಿದರು.

ಮರದ ಹಿಂದೆ ಸುಮ್ಮನೆ ಕೂರಲು ಮಲ್ಲಿಕಾಳಿಗೆ ಮೊದಲು ನಾಚಿಕೆಯಾಗುತ್ತಿತ್ತು. ಕ್ರಮೇಣ ಆ ಹೊತ್ತೇ ಇಷ್ಟವಾಯಿತು. ಕಾಫಿ ತೋಟದಲ್ಲೂ ಮನೆಯಲ್ಲೂ ಬೆಳಗಿನಿಂದ ಅವಳನ್ನು ಕರೆಯುವವರೇ. ಗಂಡ ಯೋಗೇಂದ್ರ ಕರೆದರೆ ಅದು ಟವೆಲಿಗೋ ಚಹಾಕ್ಕೋ. ಇಲ್ಲಿ ಮಾತ್ರ, ತರಗೆಲೆಯ ಮೇಲೆ ಮೂಗೂರಿ ಬುಸುಗುಡುತ್ತಾ ಒಂದು ಜೀವ ಅವಳನ್ನೇ ಹುಡುಕಿಕೊಂಡು ಬರುತ್ತಿತ್ತು.

ಒಮ್ಮೆ ತಮಾಷೆಗೆಂದು ಹಳ್ಳದ ನೀರಿನಲ್ಲೇ ಅಷ್ಟು ದೂರ ನಡೆದು, ಇತ್ತಲ ದಡಕ್ಕೇ ಹತ್ತಿ ಕೂತಳು. ಕೆಂಪಿ ದಡದಗುಂಟ ಮೂಸುತ್ತಿದ್ದಾಗ, ಅವಳು ದಾಟಿರಬೇಕೆಂದು ಷಡಕ್ಷರಿ ಹಗ್ಗ ಹಿಡಿದು ಆಚೆ ದಡಕ್ಕೆ ಎಳೆದರು. ನಾಯಿ ಗೊಂದಲಗೊಂಡು ಕೂತುಬಿಟ್ಟಿತು. ಮಲ್ಲಿಕಾ ತಾನೇ ಎದ್ದು ಬರಬೇಕಾಯಿತು.

"ತಪ್ಪು ಅದರದ್ದಲ್ಲ, ನಂದು. ನಂಗೆಲ್ಲ ಗೊತ್ತು ಅನ್ಕೊಂಡು ಎಳೆದೆ," ಎಂದರು ಷಡಕ್ಷರಿ. ಹಗ್ಗ ಸುತ್ತಿಕೊಳ್ಳುತ್ತಾ, "ಡ್ಯೂಟಿಯಲ್ಲೂ ಒಂದ್ಸಲ ಹಿಂಗೇ ಆಗಿತ್ತು ಮಾರಾಯ್ತಿ. ಒಂದು ಹುಡುಗಿ ಕಾಣೆಯಾಗಿದ್ಳು. ನಾಯಿ ಕಲ್ಲುಕ್ವಾರಿ ಕಡೆಗೆ ಎಳೀತು, ನಾನು ಬಸ್‌ಸ್ಟ್ಯಾಂಡ್ ಕಡೆಗೆ ಎಳೆದೆ. ಮಾರನೇ ದಿನ ಸಿಕ್ಕಿದ್ಳು," ಎಂದರು. ಹೇಗೆ ಸಿಕ್ಕಳೆಂದು ಹೇಳಲಿಲ್ಲ.

ಮರುವರ್ಷದ ಏಪ್ರಿಲ್‌ನಲ್ಲಿ ಅವಳ ಮಾವ ಜಟ್ಟಪ್ಪ ಮಧ್ಯಾಹ್ನದ ಊಟಕ್ಕೆ ಬರಲಿಲ್ಲ. ಬೆಳಿಗ್ಗೆ ಅವಳು ರೇಗಿದ್ದಳು: "ಕೂತಲ್ಲೇ ಕೂತು ಎಲೆ ಅಗಿಯೋದು ಬಿಟ್ಟು ಎಂತಾದ್ರೂ ಮಾಡಬಾರ್ದಾ ಮಾವ?" ಮುದುಕ ಟವೆಲು ಹೆಗಲಿಗೆ ಹಾಕಿ ಹೊರಟಿದ್ದ. ಕತ್ತಿಯೂ ಕಾಣದ್ದರಿಂದ ಸೌದೆಗೆ ಗುಡ್ಡ ಹತ್ತಿರಬೇಕೆಂದು ಯೋಗೇಂದ್ರ ನಾಲ್ಕು ಜನರನ್ನು ಕರೆದುಕೊಂಡು ಅತ್ತ ಹೋದ. ಮೂರು ಗಂಟೆಯಾದರೂ ಸುದ್ದಿಯಿಲ್ಲ. ಮಲ್ಲಿಕಾ ಷಡಕ್ಷರಿಯವರ ಮನೆಗೆ ಓಡಿದಳು. ಅವರು ಊದಿದ ಮಂಡಿಗೆ ಎಣ್ಣೆ ಹಚ್ಚಿಕೊಂಡು ಕೂತಿದ್ದರು. ಕೆಂಪಿಯ ಉದ್ದ ಹಗ್ಗವನ್ನೂ ಲಿವರಿನ ಒಂದು ಚೂರನ್ನೂ ಅವಳ ಕೈಗಿತ್ತರು.

"ನಂಗೆ ಬರಲ್ಲ ಸಾರ್."

"ಅದಕ್ಕೆ ಬರ್ತದೆ. ನೀನು ಹಿಂದೆ ಹೋದ್ರೆ ಸಾಕು."

ಜಟ್ಟಪ್ಪ ಹೊದೆಯುವ ಕಂಬಳಿಯನ್ನು ಮೂಸಿ, ಅಂಗಳಕ್ಕೆ ಒಂದು ಸುತ್ತು ಬಂದ ಕೆಂಪಿ ಗುಡ್ಡಕ್ಕೆ ಬೆನ್ನು ಹಾಕಿ ಕೆಳಗಿಳಿಯಿತು. ಮಲ್ಲಿಕಾ ನಿಂತಳು. ಭಾನುವಾರದ ಅಭ್ಯಾಸ ಮರೆಯದೆ ತನ್ನ ಹಳೆಯ ಅಡಗುತಾಣಗಳಿಗೇ ಹೊರಟಿದೆಯೇ ಇದು? ಎಲ್ಲರೂ ಗುಡ್ಡದ ಕಡೆ ಹೋಗಿರುವಾಗ ತಾನೊಬ್ಬಳು ನಾಯಿಯ ಹಿಂದೆ ಹೋದರೆ ನಾಳೆ ಜನ ಏನೆಂದಾರು? ಕೈ ತಾನಾಗಿ ಬಿಗಿಯಾಯಿತು. ಕೆಂಪಿ ತಿರುಗಿ ನೋಡಲಿಲ್ಲ. ಹಗ್ಗ ಜಗ್ಗಿದಲ್ಲೇ ಕಾದು ನಿಂತಿತು. ಅವಳು ಕೈ ಸಡಿಲಿಸಿದಳು.

ಕೆಂಪಿ ಅಕೇಶಿಯಾ ನೆಡುತೋಪು ದಾಟಿತು. ಟಾರು ರಸ್ತೆಯಲ್ಲಿ ವಾಸನೆ ತಪ್ಪಿ, ಹಿಂದೆ ಮುಂದೆ ಅಲೆದು, ಮತ್ತೆ ಹಿಡಿಯಿತು. ಕೊನೆಗೆ ಭದ್ರಾ ಹಿನ್ನೀರು. ಬೇಸಿಗೆಗೆ ನೀರು ದೂರ ಸರಿದು, ಬಿರುಕುಬಿಟ್ಟ ಕೆಸರಿನಲ್ಲಿ ಕಪ್ಪು ಮರದ ಮೋಟುಗಳು ನಿಂತಿದ್ದವು. ಅವುಗಳ ನಡುವೆ, ಸಾಲಾಗಿ ಹೂತ ಕಲ್ಲುಗಳ ಬಳಿ, ಜಟ್ಟಪ್ಪ ಕತ್ತಿಯನ್ನು ಪಕ್ಕಕ್ಕಿಟ್ಟು ಕಾಲು ಚಾಚಿ ಕೂತಿದ್ದ. ಪಾದ ಉಳುಕಿ ಬಾತಿತ್ತು. ತುಟಿ ಒಣಗಿತ್ತು.

ಅವಳು ತಂದಿದ್ದ ನೀರು ಕುಡಿಸಿದಳು. ಸೆರಗಿನ ಗಂಟಿನಲ್ಲಿದ್ದ ಲಿವರ್ ಚೂರನ್ನು ಮರೆಯದೆ ಕೆಂಪಿಗೆ ಕೊಟ್ಟಳು.

"ನಾನಿಲ್ಲಿದೀನಿ ಅಂತ ಯಾರು ಹೇಳಿದ್ರು?" ಎಂದ ಮುದುಕ.

"ಯಾರೂ ಹೇಳ್ಲಿಲ್ಲ ಮಾವ. ಇದು ಕರ್ಕಂಡ್ ಬಂತು."

ಜಟ್ಟಪ್ಪ ನಾಯಿಯನ್ನು ನೋಡಿದ. ಆಮೇಲೆ ಕಲ್ಲೊಂದನ್ನು ತಟ್ಟಿ, "ಇದು ನಮ್ಮ ಒಲೆ ಇದ್ದ ಜಾಗ," ಎಂದ. ಡ್ಯಾಮಿನ ನೀರಿಗೆ ಊರು ಮುಳುಗಿದಾಗ ಅವನಿಗೆ ಹದಿನೆಂಟು ವರ್ಷವಂತೆ. ಬೇಸಿಗೆಯಲ್ಲಿ ನೀರಿಳಿದರೆ ಯಾರಿಗೂ ಹೇಳದೆ ಬಂದು ನೋಡಿ ಹೋಗುವುದಂತೆ. ಒಂಬತ್ತು ವರ್ಷ ಒಂದೇ ಸೂರಿನಡಿ ಇದ್ದರೂ ಅವಳಿಗೆ ಇದು ತಿಳಿದಿರಲಿಲ್ಲ. ಬೆಳಗಿನ ಮಾತಿಗೆ ತಪ್ಪಾಯಿತು ಎನ್ನಬೇಕೆಂದು ದಾರಿಯುದ್ದಕ್ಕೂ ಅಂದುಕೊಂಡು ಬಂದಿದ್ದಳು. ಬಾಯಿಗೆ ಬಂದದ್ದು ಬೇರೆಯೇ.

"ಬಾಗಿಲು ಯಾವ ಕಡೆಗಿತ್ತು ಮಾವ?"

ಮುದುಕನ ಮುಖ ಅರಳಿತು. ಕೈ ಎತ್ತಿ ತೋರಿಸಿದ.

ದೂರದಲ್ಲಿ ಬಲೆ ಒಣಹಾಕುತ್ತಿದ್ದ ಇಬ್ಬರನ್ನು ಕೂಗಿ ಕರೆದಳು. ಅವರು ಕೈಗೆ ಕೈ ಹೆಣೆದು ಜಟ್ಟಪ್ಪನನ್ನು ಕೂರಿಸಿಕೊಂಡು ಹೊರಟರು. ಇಲ್ಲಿ ಗುರುವನ ಮನೆ, ಅಗೋ ಅಲ್ಲಿ ಬಾವಿ, ಈ ಮೋಟು ನಮ್ಮ ಹಲಸು ಎಂದು ಅವನು ಕೈ ತೋರಿಸುತ್ತಲೇ ಇದ್ದ.

"ಸ್ವಲ್ಪ ನಿಧಾನ ಹೋಗ್ರಣ್ಣ," ಎಂದಳು ಮಲ್ಲಿಕಾ, "ಅವರ ಮಾತಿನ್ನೂ ಮುಗೀಲಿಲ್ಲ."