ಮಲಗಿದಲ್ಲಿಂದ ಏಳುವ ಪಂದ್ಯ

ನೆಲದ ಮೇಲೆ ಕೂತು ಉಂಡವನು ಏಳುವುದೆಂದರೆ ಆ ಮನೆಯಲ್ಲಿ ದಿನಾ ಒಂದು ರಾದ್ಧಾಂತ. ಗಂಡ ಒಂದು ಕೈಯನ್ನು ಗೋಡೆಗೆ ಊರುತ್ತಿದ್ದ, ಇನ್ನೊಂದನ್ನು ಹೆಂಡತಿಯ ಹೆಗಲಿಗೆ. "ಅಯ್ಯಯ್ಯೋ, ನನ್ನ ಸೊಂಟ!" ಎನ್ನುತ್ತ ಅಂತೂ ಇಂತೂ ಏಳುತ್ತಿದ್ದ. ಹಾಗಂತ ಅವನು ಮುದುಕನಲ್ಲ, ರೋಗಿಯೂ ಅಲ್ಲ. ಮನೆ ಸಾಮಾನು ಸಾಗಿಸುವ ಹಮಾಲಿ. ಫ್ರಿಜ್ಜನ್ನು ಒಬ್ಬನೇ ಬೆನ್ನ ಮೇಲೆ ಹೊತ್ತು ಮೆಟ್ಟಿಲು ಹತ್ತುವವನು. ಓಣಿಯವರೆಲ್ಲ ಅವನನ್ನು ಕ್ರೇನ್ ಎಂದೇ ಕರೆಯುತ್ತಿದ್ದರು.

ಟಾರ್ಪಾಲು ಹೊಲಿಯುವ ಅವನ ಹೆಂಡತಿಗೆ ಒಂದೇ ಚಿಂತೆ. ಅವಳ ತಮ್ಮ, ಎಲ್ಲರ ಬಾಯಲ್ಲಿ ಕಡ್ಡಿ, ಭಾವನ ಜೊತೆಗೇ ಕೆಲಸ ಮಾಡುತ್ತಿದ್ದ. ಭಾರದ ಸಾಮಾನು ಇಳಿಸುವಾಗ ಮೇಲಿನ ಮೆಟ್ಟಿಲಲ್ಲಿ ನಿಂತು ಕ್ರೇನ್ ಅದಕ್ಕೆ ಬಿಗಿದ ದಪ್ಪ ಪಟ್ಟಿ ಹಿಡಿಯುತ್ತಿದ್ದ. ಕಡ್ಡಿ ಕೆಳಗೆ ನಿಂತು ಸಾಮಾನನ್ನು ತಿರುಗಿಸಿ ದಾರಿಗೆ ತರುತ್ತಿದ್ದ. ಮೇಲಿನವನ ಕೈ ಸೋತರೆ ಕೆಳಗಿನವನ ಗತಿ ಏನು? ಸೋಮವಾರ ಮೂರನೇ ಮಹಡಿಯಿಂದ ಕಬ್ಬಿಣದ ತಿಜೋರಿಯೊಂದನ್ನು ಇಳಿಸುವುದಿತ್ತು.

ಭಾನುವಾರ ಅವಳು ಮಾತು ತೆಗೆದಳು. "ರೀ, ದವಾಖಾನೆ ನರ್ಸಕ್ಕ ಇವತ್ತು ಗೋದಾಮಿನ ಅಂಗಳದಲ್ಲಿ ಎಲ್ಲರ ಮೈಬಲ ಪರೀಕ್ಷೆ ಮಾಡ್ತಾರಂತೆ. ಒಂದ್ಸಲ ಬನ್ನಿ."

"ನನಗೆ ಪರೀಕ್ಷೆನಾ? ನನಗೆ? ಹೋಗು, ಓಣಿಯವರನ್ನ ಕೇಳು."

"ಊಟ ಆದ್ಮೇಲೆ ನಿಮ್ಮನ್ನ ಎಬ್ಬಿಸೋಕೆ ಓಣಿಯವರು ಬರಲ್ಲ. ಎಬ್ಬಿಸೋಳು ನಾನು."

ಕಡ್ಡಿ ಕಿಸಕ್ಕನೆ ನಕ್ಕ. ಕ್ರೇನ್ ಅವನನ್ನು ದುರುಗುಟ್ಟಿ ನೋಡಿ ಅಂಗಿ ಹಾಕಿಕೊಂಡ.

ಅಂಗಳದಲ್ಲಿ ಚಾಪೆ ಹಾಸಿತ್ತು. ಪಕ್ಕದಲ್ಲಿ ಹಿಡಿಕೆ ಇರುವ ಕಬ್ಬಿಣದ ಗುಂಡುಗಳು, ಚಿಕ್ಕದು, ದೊಡ್ಡದು.

"ಇದಕ್ಕೆ ಕೆಟಲ್‌ಬೆಲ್ ಅಂತಾರೆ," ಎಂದಳು ನರ್ಸು.

"ಮುಚ್ಚಳ ಕಳಕೊಂಡ ಚಹಾ ಕೆಟಲ್ ಇದ್ದ ಹಾಗಿದೆ!" ಎಂದ ಕ್ರೇನ್, ಎಲ್ಲಕ್ಕಿಂತ ದೊಡ್ಡದನ್ನು ಹೂವೆತ್ತಿದ ಹಾಗೆ ಎತ್ತಿಬಿಟ್ಟ. ಜನ ಚಪ್ಪಾಳೆ ತಟ್ಟಿದರು.

"ಎತ್ತೋದು ನಿಮಗೆ ಹೊಸದಲ್ಲ ಅಣ್ಣ. ಹಿಡ್ಕೊಂಡು ಮಲಗಿ, ಹಾಗೇ ಏಳ್ತೀರಾ?"

"ಮಲಗೋದಾ? ಇದ್ಯಾವ ಪಂದ್ಯ?"

ನರ್ಸು ಸಣಕಲು ಹೆಂಗಸು. ಗಾಳಿ ಜೋರಾಗಿ ಬೀಸಿದರೆ ಹಾರಿಹೋಗುತ್ತಾಳೇನೋ ಅನ್ನಬೇಕು. ಅವಳು ಅಂಗಾತ ಮಲಗಿ, ಒಂದು ಗುಂಡನ್ನು ಒಂದೇ ಕೈಯಲ್ಲಿ ನೆಟ್ಟಗೆ ಮೇಲಕ್ಕೆ ಹಿಡಿದಳು. ಕಣ್ಣು ಗುಂಡಿನ ಮೇಲೆ. ಇನ್ನೊಂದು ಮೊಣಕೈ ಊರಿದಳು, ಆಮೇಲೆ ಅಂಗೈ. ಸೊಂಟ ಮೇಲೆದ್ದಿತು, ಒಂದು ಕಾಲು ಮೆಲ್ಲಗೆ ಹಿಂದೆ ಸರಿದು ಮಂಡಿಯೂರಿತು. ಎದ್ದು ನಿಂತೇಬಿಟ್ಟಳು! ತಲೆಯ ಮೇಲಿನ ಕಬ್ಬಿಣ ಒಂದಿಷ್ಟೂ ಅಲುಗಲಿಲ್ಲ. ಮತ್ತೆ ಬಂದ ದಾರಿಯಲ್ಲೇ ಇಳಿದಳು, ಬಿಚ್ಚಿದ ಟಾರ್ಪಾಲನ್ನು ಅದದೇ ಮಡಿಕೆಗೆ ಮಡಿಸಿಟ್ಟ ಹಾಗೆ.

ಕ್ರೇನಿನ ಹೆಂಡತಿಗೆ ಮೈ ಜುಮ್ಮೆಂದಿತು. ಮನುಷ್ಯರ ಮೈಗೆ ಇಂಥದ್ದೂ ಸಾಧ್ಯವೇ!

"ಇದಕ್ಕೆ ತೋಳೊಂದೇ ಸಾಲದು," ಎಂದಳು ನರ್ಸು. "ಭುಜ, ಸೊಂಟ, ಮಂಡಿ, ಉಸಿರು, ಬೀಳದ ಹಾಗೆ ನಿಲ್ಲೋದು, ಎಲ್ಲಾ ಒಟ್ಟಿಗೆ ಬೇಕು. ಎಲ್ಲಿ ಸಡಿಲ ಇದೆಯೋ ಅಲ್ಲೇ ಸಿಕ್ಕಿಬೀಳ್ತೀವಿ."

ಅವಳು ಕ್ರೇನಿನ ರಕ್ತದೊತ್ತಡ ನೋಡಿದಳು. ಸರಿಯಾಗಿತ್ತು. ಆದರೂ ಕಬ್ಬಿಣ ಕೊಡಲಿಲ್ಲ. "ಮುಷ್ಟಿ ಮೇಲೆ ನಿಮ್ಮ ಬೂಟು ಇಟ್ಕೊಂಡು ಏಳಿ. ಬೂಟು ಬೀಳಬಾರದು."

"ಹಮಾಲಿಗೆ ಬೂಟು ಎತ್ತೋ ಶಿಕ್ಷೆ!" ಎಂದು ಅವನು ನಗುತ್ತಲೇ ಮಲಗಿದ.

ಬಲಮುಷ್ಟಿಯ ಮೇಲೆ ಬೂಟಿಟ್ಟು, ಏದುಸಿರು ಬಿಡುತ್ತ ಹೇಗೋ ಎದ್ದ. ಎಡಗೈ? ಏನು ಹೊತ್ತರೂ ಅವನು ಭಾರ ಹಾಕುತ್ತಿದ್ದುದು ಬಲಗಡೆಗೇ. ಅರ್ಧ ಏಳುವಷ್ಟರಲ್ಲಿ ಎಡತೋಳು ಗಡಗಡ ನಡುಗಿ ಬೂಟು ಮೂಗಿನ ಮೇಲೆ ಬಿತ್ತು. ಜನ ಬಿದ್ದೂ ಬಿದ್ದೂ ನಕ್ಕರು. ಇನ್ನೊಮ್ಮೆ ಮಾಡಿದ, ಮತ್ತೆ ಬಿತ್ತು. ಈ ಸಲ ಅವನು ಏಳಲಿಲ್ಲ. ಮಲಗಿದಲ್ಲಿಂದಲೇ ಕಡ್ಡಿಯನ್ನು ನೋಡುತ್ತಿದ್ದ. ಅದನ್ನು ಕಂಡು ಹೆಂಡತಿ ತಮ್ಮನ ಪಕ್ಕಕ್ಕೆ ಸರಿದು ನಿಂತಳು.

"ಪಟ್ಟಿ ಹಿಡಿಯೋದು ಯಾವ ಕೈಲಿ ಅಣ್ಣ?" ಎಂದಳು ನರ್ಸು.

"ಎರಡೂ ಕೈಲಿ." ದನಿ ಸಣ್ಣದಾಗಿತ್ತು.

"ಬಿಡು ಭಾವ, ಇಷ್ಟು ವರ್ಷ ಏನೂ ಆಗಿಲ್ವಲ್ಲ," ಎಂದ ಕಡ್ಡಿ.

"ಸುಮ್ನಿರೋ. ಕೆಳಗೆ ನಿಲ್ಲೋನು ನೀನು."

ಸೋಮವಾರ ಹೆಂಡತಿ ಹೊಲಿಗೆ ಬಿಟ್ಟು ಆ ಕಟ್ಟಡಕ್ಕೇ ಹೋದಳು. ಮೇಲಿನ ಮೆಟ್ಟಿಲಲ್ಲಿ ಗಂಡ ಒಬ್ಬನೇ ಇರಲಿಲ್ಲ, ಪಕ್ಕದಲ್ಲಿ ಇನ್ನಿಬ್ಬರು ಹಮಾಲಿಗಳು. ಯಾರನ್ನೂ ಸಹಾಯಕ್ಕೆ ಕರೆಯದಿದ್ದವನು ತಾನೇ ಹೋಗಿ ಕರೆತಂದಿದ್ದ. "ನನ್ನ ಎಡಗೈ ಇನ್ನೂ ಕಲೀತಾ ಇದೆ. ಆ ಕಡೆ ನೀವು ಹಿಡೀರಿ," ಎಂದ, ಎಲ್ಲರಿಗೂ ಕೇಳುವ ಹಾಗೆ. ತಿಜೋರಿ ಒಂದೊಂದೇ ಮೆಟ್ಟಿಲು ಇಳಿಯಿತು. ಕಡ್ಡಿ ಬೆವರೊರೆಸಿಕೊಂಡು ಹೊರಬಂದ. ಅವಳು ಮಾತ್ರ ಕಣ್ಣು ಕೀಳದೆ ಗಂಡನನ್ನೇ ನೋಡುತ್ತ ನಿಂತಿದ್ದಳು. ಅವನು ಫ್ರಿಜ್ಜು ಹೊತ್ತಾಗಲೂ ಅವಳಿಗೆ ಅಷ್ಟು ಬೆರಗಾಗಿರಲಿಲ್ಲ.

ಅಕ್ಕ ಅಣ್ಣಂದಿರೇ, ನೀವೂ ಚಾಪೆ ಹಾಸಿ. ಮೊದಲು ಬರಿಗೈಯಲ್ಲಿ, ಆಮೇಲೆ ಮುಷ್ಟಿಯ ಮೇಲೆ ಬೂಟಿಟ್ಟು, ಎರಡೂ ಕಡೆ ಎದ್ದು ನೋಡಿ. ಅದು ಸಲೀಸಾದ ಮೇಲೆ, ಬಲ್ಲವರ ಎದುರಿನಲ್ಲಿ ಚಿಕ್ಕ ಕೆಟಲ್‌ಬೆಲ್ ಹಿಡಿಯಿರಿ. ಉಸಿರು ಕಟ್ಟಬೇಡಿ. ಎದೆ ನೋವು, ತಲೆಸುತ್ತು ಬಂದರೆ ಅಲ್ಲಿಗೇ ನಿಲ್ಲಿಸಿ ದವಾಖಾನೆಗೆ ಹೋಗಿ. ಹೃದಯದ ತೊಂದರೆ, ರಕ್ತದೊತ್ತಡ ಇರುವವರು, ಬಸುರಿಯರು, ಆಪರೇಷನ್ ಆದವರು ಮೊದಲೇ ಡಾಕ್ಟರನ್ನು ಕೇಳಿ. ಎಲ್ಲಿ ಸೋಲುತ್ತೀರೋ ಅದನ್ನು ಮುಚ್ಚಿಡಬೇಡಿ. ನಿಮ್ಮ ಕೈಯನ್ನು ನಂಬಿ ಯಾರೋ ಕೆಳಗಿನ ಮೆಟ್ಟಿಲಲ್ಲಿ ನಿಂತಿರುತ್ತಾರೆ.