ಪೋಪ್ ಹೇಳದ ಮಾತು

"ನಿನ್ನ ಮಗು ಏನು ಮರಿಯಮ್ಮನಾ?" ಅಂದುಬಿಟ್ಟ ಅಣ್ಣ. "ಹುಟ್ಟುವಾಗಲೇ ಪಾಪದ ಸೋಂಕಿಲ್ಲದೆ ಬಂದೋಳು ಯೇಸುವಿನ ತಾಯಿ ಒಬ್ಬಳೇ. ಮಿಕ್ಕವರೆಲ್ಲ ಜನ್ಮಪಾಪ ಹೊತ್ತೇ ಬರೋದು. ನೆತ್ತಿಗೆ ನೀರು ಬಿದ್ದು ಜ್ಞಾನಸ್ನಾನ ಆಗದ ಮಗೂನ ಸ್ಮಶಾನದ ಒಳಗೆ ಇಡಬಾರದು ಅಂತ ಪೋಪೇ ಹೇಳಿರೋವಾಗ, ಸೇರಿಸೋಕೆ ನಾನ್ಯಾರು?"

"ನೀನ್ಯಾರಾ? ಜನ ನಿನ್ನನ್ನ ಚಿಕ್ಕ ಪೋಪು ಅಂತ ಸುಮ್ನೆ ಕರೀತಾರಾ?" ತಂಗಿ ಮೇಜಿನ ಮೇಲಿದ್ದ ನಕ್ಷೆಯನ್ನು ಬೆರಳಿನಿಂದ ಕುಟ್ಟಿದಳು. "ಇಲ್ಲಿ ಒಂದು ಮಾರು ಆಚೆಗೆ ದಾರ ಕಟ್ಟಿದ್ರೆ ನಿನ್ನ ಗಂಟೇನು ಹೋಗ್ತಿತ್ತು?"

ಚರ್ಚಿನ ಸ್ಮಶಾನದ ಹಳೆಯ ಗೋಡೆ ಬಿರುಕು ಬಿಟ್ಟು ವಾಲಿತ್ತು. ಅದನ್ನು ಕೆಡವಿ, ಜಾಗ ಹಿಗ್ಗಿಸಿ ಹೊಸದು ಕಟ್ಟುವುದೆಂದು ತೀರ್ಮಾನವಾಗಿತ್ತು. ಗಂಟೆ ಹೊಡೆಯುವುದು, ಗುಂಡಿ ತೋಡುವುದು, ಬೀಗದ ಕೈ ಇಟ್ಟುಕೊಳ್ಳುವುದು ಮೂವತ್ತೈದು ವರ್ಷದಿಂದ ಅಣ್ಣನ ಕೆಲಸ. ಹೊಸ ಗೋಡೆಗೆ ಗೂಟ ಹೊಡೆದು ದಾರ ಎಳೆದವನೂ ಅವನೇ. ದಾರ ಮೂರು ಕಡೆ ಬಾಣದ ಹಾಗೆ ನೆಟ್ಟಗೆ ಹೋಗಿ, ನಾಲ್ಕನೆಯ ಕಡೆ ಒಂದೇ ಒಂದು ಜಾಗದಲ್ಲಿ ಒಳಕ್ಕೆ ಡೊಂಕಾಗಿತ್ತು. ಆ ಡೊಂಕಿನ ಆಚೆ, ಕಲ್ಲಿಲ್ಲದೆ, ಹೆಸರಿಲ್ಲದೆ ತಂಗಿಯ ಕೂಸು ಮಲಗಿತ್ತು.

ಮೂವತ್ತೊಂದು ವರ್ಷದ ಮಾತು. ಕೂಸು ಬದುಕಿದ್ದು ಒಂದು ಗಂಟೆ. ತಂಗಿ ರಕ್ತ ಹೋಗಿ ಆಸ್ಪತ್ರೆಯ ಹಾಸಿಗೆಯಲ್ಲಿ ಮೈಮೇಲೆ ಎಚ್ಚರವಿಲ್ಲದೆ ಬಿದ್ದಿದ್ದಳು. ಗಂಡ ದೂರದ ಊರಿನಲ್ಲಿ ಕೆಲಸದಲ್ಲಿದ್ದ. ಅಣ್ಣನೇ ರಟ್ಟಿನ ಪೆಟ್ಟಿಗೆಯಲ್ಲಿ ಒಯ್ದು ಮಣ್ಣು ಮಾಡಿ ಬಂದ. "ಗೋಡೆ ಆಚೆ ಇಟ್ಟೆ ಕಣೇ. ಪೋಪ್ ಹೇಳಿರೋ ನಿಯಮ, ನಾವೇನು ಮಾಡೋಕಾಗುತ್ತೆ" ಎಂದ. ಅವಳು ನಂಬಿದಳು. ಎದ್ದು ಓಡಾಡುವಂತಾದ ಮೇಲೆ ಅದೇ ಹೆರಿಗೆ ವಾರ್ಡಿಗೆ ಆಯಾ ಆಗಿ ಸೇರಿದಳು. ಯಾವುದಾದರೂ ಕೂಸು ಉಸಿರಿಗೆ ಒದ್ದಾಡಿದರೆ ಸಾಕು, ತಾಯಿಯನ್ನು ಒಂದು ಮಾತು ಕೇಳಿ, ಹತ್ತಿಯನ್ನು ನಲ್ಲಿ ನೀರಲ್ಲಿ ಅದ್ದಿ, ಪಿತನ, ಸುತನ, ಪವಿತ್ರಾತ್ಮರ ನಾಮದಲ್ಲಿ ಎಂದು ನೆತ್ತಿಗೆ ಹನಿಸುತ್ತಿದ್ದಳು; ಪ್ರಾಣ ಹೋಗುವ ಹೊತ್ತಿನ ಜ್ಞಾನಸ್ನಾನವನ್ನು ಯಾರು ಬೇಕಾದರೂ ಕೊಡಬಹುದು. ತನ್ನದರ ಹಾಗೆ ಇನ್ನೊಂದು ಹೊರಗೆ ಬೀಳಬಾರದು, ಅಷ್ಟೇ. ಈಗಲೂ ಕೆಲಸ ಮುಗಿಸಿ ಸಮವಸ್ತ್ರದಲ್ಲೇ ಬಂದಿದ್ದಳು.

ಚರ್ಚಿನ ಆಫೀಸಿನ ಕಬ್ಬಿಣದ ಕಪಾಟಿಗೆ ಒರಗಿ ಎಳೆಯ ಫಾದರ್ ಇಬ್ಬರನ್ನೂ ನೋಡುತ್ತಿದ್ದರು. ಅವರು ಈ ಚರ್ಚಿಗೆ ಬಂದು ಮೂರು ತಿಂಗಳು.

"ಅಣ್ಣಾ, ಹಾಗಂತ ಯಾವ ಪೋಪ್ ಹೇಳಿದ್ದು?" ಎಂದು ಕೇಳಿದರು.

"ಯಾವ ಪೋಪ್ ಅಂದ್ರೆ? ಎಲ್ಲ ಪೋಪುಗಳೂ! ಪೋಪ್ ತಪ್ಪು ಮಾಡಲ್ಲ ಫಾದರ್."

"ಮಾಡ್ತಾರೆ. ಅವರೂ ಪಾಪನಿವೇದನೆಗೆ ಮಂಡಿಯೂರ್ತಾರೆ."

ಅಣ್ಣ ಬಾಯಿ ತೆರೆದ. ಫಾದರ್ ಕೈ ಎತ್ತಿ ತಡೆದರು.

"ತಮ್ಮ ಪೀಠದಿಂದ, ಇಡೀ ಧರ್ಮಸಭೆ ಇದನ್ನ ನಂಬಲೇಬೇಕು ಅಂತ ಘೋಷಿಸಿದಾಗ ಆ ಮಾತಲ್ಲಿ ತಪ್ಪಿರಲ್ಲ ಅನ್ನೋದು. ಅವರ ಬಾಯಿಂದ ಬಂದದ್ದೆಲ್ಲ ಅಲ್ಲ. ಹಾಗೆ ಘೋಷಿಸಿದ್ದು ಅಂತ ಸಾಮಾನ್ಯವಾಗಿ ಹೇಳೋದು ಎರಡು. ಎರಡೂ ಮರಿಯಮ್ಮನ ವಿಷಯ. ಒಂದು ನೀವೇ ಹೇಳಿದ್ರಿ, ಜನ್ಮಪಾಪ ಇಲ್ಲದೆ ಬಂದಳು ಅಂತ. ಇನ್ನೊಂದು, ದೇಹಸಮೇತ ಸ್ವರ್ಗಕ್ಕೆ ಸೇರಿದಳು ಅಂತ. ನೀರು ಬೀಳದ ಕೂಸುಗಳು ಸ್ವರ್ಗದ ಹೊರಗೇ ಉಳೀತಾವೆ ಅಂತ ಪಂಡಿತರು ಬಹಳ ಕಾಲ ಹೇಳ್ತಿದ್ರು. ಅದು ಅಭಿಪ್ರಾಯ. ಈಗ ಅವನ್ನ ದೇವರ ಕರುಣೆಗೆ ಒಪ್ಪಿಸ್ತೀವಿ."

ತಂಗಿ ಕುರ್ಚಿಯ ಬೆನ್ನು ಹಿಡಿದುಕೊಂಡಳು. ಅಭಿಪ್ರಾಯ! ಇವತ್ತು ಸೆಕೆ ಜಾಸ್ತಿ ಅನ್ನುತ್ತಾರಲ್ಲ, ಅದೂ ಅಭಿಪ್ರಾಯವೇ. ಅಂಥದ್ದೊಂದಕ್ಕೆ ಹೆದರಿ ಮೂವತ್ತೊಂದು ವರ್ಷ ಹತ್ತಿ ಹಿಡಿದಿದ್ದಳು.

"ಹಾಗಾದ್ರೆ ಯಾರು ಫಾದರ್?" ಅವಳ ದನಿ ಅವಳಿಗೇ ಪರಕೀಯವಾಗಿತ್ತು. "ತನ್ನ ತಾಯಿ ಮೈ ಮಣ್ಣಾಗೋಕೆ ಬಿಡದ ದೇವರು, ನನ್ನ ಕೂಸಿಗೆ ಒಂದು ಮೊಳ ಮಣ್ಣು ಕೊಡಲ್ಲ ಅಂತ ಹೇಳಿದ್ದು ಯಾರು? ಆಗಿದ್ದ ಆ ಹಳೇ ಫಾದರಾ?"

ನಿನ್ನೆ ಮೊನ್ನೆ ಮೀಸೆ ಬಂದವರು ತನಗೆ ಪಾಠ ಹೇಳಿದ್ದಕ್ಕೆ ಅಣ್ಣನಿಗೆ ಮೊದಲೇ ಮೈ ಉರಿಯುತ್ತಿತ್ತು. ಈಗ ನಾಲಿಗೆ ಹಿಡಿತ ತಪ್ಪಿತು.

"ಅವರಾ? ಹೆಂಗಸರು ಅತ್ತರೆ ಸಾಕು, ಬೆಣ್ಣೆ ಹಂಗೆ ಕರಗೋರು! ಬಿಷಪ್ಪರೇ ಒಪ್ಪಿಗೆ ಕೊಟ್ಟಿದ್ದಾರೆ, ಒಳಗೇ ಇಡಪ್ಪಾ, ನಿಮ್ಮಮ್ಮನ ಪಕ್ಕಕ್ಕೇ ಇಡು ಅಂದ್ರು. ನಾನು ಬಿಡಲಿಲ್ಲ. ಧರ್ಮ ಅಂದ್ರೆ ಹುಡುಗಾಟವಾ? ಗುದ್ದಲಿ ನನ್ನ ಕೈಲಿತ್ತು!"

ಹೇಳಿ ಮುಗಿಸಿದ ಮೇಲೆ ತಾನೇನು ಹೇಳಿದೆನೆಂದು ಅವನಿಗೇ ಕೇಳಿಸಿತು.

ಫಾದರ್ ಕಪಾಟು ಬಿಟ್ಟು ನೆಟ್ಟಗೆ ನಿಂತರು. ತಂಗಿ ಕೂಗಲಿಲ್ಲ, ಅಳಲೂ ಇಲ್ಲ. ಕಿವಿ ಮಂದವಾದವಳ ಹಾಗೆ ತಲೆ ಓರೆ ಮಾಡಿ ಕೇಳಿದಳು.

"ಒಳಗಿಡು ಅಂದ್ರಾ?"

"ಆಗ ನಂಗೆ ತಿಳಿದದ್ದು ಅಷ್ಟು ಕಣೇ…"

"ಅಮ್ಮನ ಪಕ್ಕಕ್ಕಾ?"

ಅಣ್ಣ ಮೇಜಿನ ಮೇಲಿದ್ದ ನಕ್ಷೆಯನ್ನು ಸುರುಳಿ ಸುತ್ತತೊಡಗಿದ.

"ಮತ್ತೆ ನನಗೆ ಪೋಪ್ ಹೆಸರು ಯಾಕೆ ಹೇಳಿದೆ?"

"ನನ್ನ ಹೆಸರು ಹೇಳಿದ್ರೆ ನೀನು ಒಪ್ತಿದ್ಯಾ?"

ಇಷ್ಟು ವರ್ಷಗಳಲ್ಲಿ ಅವನು ಆಡಿದ ಒಂದೇ ನಿಜ ಅದು. ತಂಗಿ ಅವನ ಮುಖವನ್ನೇ ನೋಡಿದಳು. ಅದೇ ಮೂಗು, ಅದೇ ಹುಬ್ಬು, ಅಪ್ಪನ ಪಡಿಯಚ್ಚು. ಆದರೂ ಬಸ್ಸಿನಲ್ಲಿ ಎದುರು ಕೂತ ಯಾರೋ ಒಬ್ಬನಂತೆ ಕಂಡ.

"ಅಕ್ಕಾ, ನಾಳೇನೇ ದಾರ ನೆಟ್ಟಗೆ ಮಾಡಿಸ್ತೀನಿ. ನಾನೇ ನಿಂತು ಪ್ರಾರ್ಥನೆ ಹೇಳ್ತೀನಿ," ಎಂದರು ಫಾದರ್.

"ಹೇಳಿ ಫಾದರ್," ಎಂದು ಅವಳು ಚೀಲ ಹೆಗಲಿಗೇರಿಸಿದಳು.

"ಎಲ್ಲಿಗೆ ಹೊರಟೆ? ನಿಲ್ಲೇ!" ಅಣ್ಣ ಗದರಿದ. ಆಮೇಲೆ ದನಿ ಇಳಿಸಿದ. "ಮನೆಗೆ ಬಂದು ಊಟ ಮಾಡ್ಕೊಂಡು ಹೋಗು. ನಿಮ್ಮತ್ತಿಗೆ ಕಾಯ್ತಿದ್ದಾಳೆ."

ಅವಳು ಚಪ್ಪಲಿ ಮೆಟ್ಟಿದಳು. ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ. ಬಗ್ಗಿ ಸರಿ ಮಾಡಿಕೊಂಡು ಹೊರಗೆ ನಡೆದಳು.

"ಬರ್ತಾಳೆ ಬಿಡಿ ಫಾದರ್," ಒಳಗೆ ಅಣ್ಣ ಹೇಳುತ್ತಿದ್ದ. "ಗಂಡ ತೀರಿಹೋಗಿ ಒಂಬತ್ತು ವರ್ಷ. ನನ್ನ ಬಿಟ್ರೆ ಅವಳಿಗೆ ಯಾರಿದ್ದಾರೆ?"

ಮೆಟ್ಟಿಲಿಳಿಯುತ್ತಿದ್ದ ಅವಳಿಗೆ ಅದು ಕೇಳಿಸಿತು. ಮಾತು ನಿಜವೇ, ಯಾರೂ ಇರಲಿಲ್ಲ. ಆದರೂ ಹೋದಳು. ಮತ್ತೆ ಅಣ್ಣನ ಬಾಗಿಲಿಗೆ ಬರಲಿಲ್ಲ.